16 ಅಡಿಯ ದೋಣಿಯಿಂದ ವಾಲೈ ಮತ್ತು ಸಾಲ್ಮನ್: ಎರಡಕ್ಕೂ ಒಂದೇ ಸಜ್ಜು ಸಾಕೇ?

ಬೇ ಸಿಟಿಯ ಹೊಸಬ (ಮೇ 9)

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್ ರಾಜ್ಯದ ಬೇ ಸಿಟಿಯ ಹತ್ತಿರ ಏಳು ವರ್ಷಗಳಿಂದ ವಾಸವಾಗಿದ್ದೇನೆ. ಈ ಚಳಿಗಾಲದಲ್ಲಿ ಪರಿಚಯದವರೊಬ್ಬರಿಂದ 16 ಅಡಿ ಉದ್ದದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡೆ. ಹಿಂಬದಿಯಲ್ಲಿ ಕುಳಿತು ಕೈಹಿಡಿಯಿಂದಲೇ ತಿರುಗಿಸುವ 25 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ಒಂದು ಚಿಕ್ಕ ಫಿಶ್ ಫೈಂಡರ್, ಗಾಳದ ಕೋಲು ನಿಲ್ಲಿಸುವ ನಾಲ್ಕು ಹಿಡಿಕೆಗಳು ಅದರ ಜೊತೆಯಲ್ಲೇ ಬಂದವು. ಮನೆಯಿಂದ ಹದಿನೈದು ನಿಮಿಷದ ದಾರಿಯಲ್ಲಿ ಹ್ಯೂರಾನ್ ಸರೋವರದ ಸ್ಯಾಗಿನಾ ಕೊಲ್ಲಿಯಿದೆ, ಅಲ್ಲಿ ವಾಲೈ ಮೀನು ಧಾರಾಳವಾಗಿದೆ. ಆದರೆ ಆಗಸ್ಟ್ ತಿಂಗಳಲ್ಲಿ ರಾಜ್ಯದ ಪಶ್ಚಿಮ ದಡಕ್ಕೆ, ಅಂದರೆ ಮಿಶಿಗನ್ ಸರೋವರದ ಲಡಿಂಗ್ಟನ್ನಿಗೆ ಹೋಗಿ ಚಿನೂಕ್ ಸಾಲ್ಮನ್ ಹಿಡಿಯಬೇಕೆಂಬ ಆಸೆಯೂ ಇದೆ.

ಎರಡನ್ನೂ ಟ್ರೋಲಿಂಗ್ ಮಾಡಿಯೇ, ಅಂದರೆ ನಿಧಾನವಾಗಿ ಚಲಿಸುವ ದೋಣಿಯ ಹಿಂದೆ ಗಾಳಗಳನ್ನು ಎಳೆಯುತ್ತಲೇ ಹಿಡಿಯುತ್ತಾರೆಂದು ಕೇಳಿದ್ದೇನೆ. ಹಾಗಿದ್ದರೆ ಒಂದೇ ದೋಣಿ, ಒಂದೇ ಸಜ್ಜು ಎರಡಕ್ಕೂ ಸಾಕಾಗುತ್ತದೆಯೇ? ಅಂಗಡಿಯಲ್ಲಿ ಕೇಳಿದರೆ ಸಾವಿರಾರು ಡಾಲರಿನ ಪಟ್ಟಿಯನ್ನೇ ಕೈಗಿಡುತ್ತಾರೆ. ನನ್ನ ಹೆಂಡತಿಯಾದರೋ, ದೋಣಿಗೆ ಇನ್ನೊಂದು ಕಾಸನ್ನೂ ಹಾಕುವಂತಿಲ್ಲವೆಂದು ಈಗಾಗಲೇ ಹೇಳಿಯಾಗಿದೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಮಲ್ಪೆ ಮೂಲದವನು, ಟೊಲೆಡೊ (ಮೇ 9)

ಮೊದಲು ಒಂದು ಪದದ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಓದುವ ಕರಾವಳಿಯವರಿಗೆ ಟ್ರೋಲಿಂಗ್ ಎಂದೊಡನೆ ನಮ್ಮೂರಿನ ಟ್ರಾಲ್ ಬೋಟು ನೆನಪಾಗುತ್ತದೆ. ಅದು ತಳಕ್ಕೆ ಬಲೆ ಬಿಟ್ಟು ಎಳೆಯುವ ಕೆಲಸ. ಇದು ಬಲೆಯಲ್ಲ, ಗಾಳ. ನನ್ನ ಅಜ್ಜ ನಾಡದೋಣಿಯ ಹಿಂದೆ ಅಂಜಲಿಗೆಂದು ಗಾಳ ಎಳೆಯುತ್ತಿದ್ದರು. ದಾರವನ್ನು ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಹಾಕಿಕೊಂಡು ಹುಟ್ಟು ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇಲ್ಲಿ ಹೆಬ್ಬೆರಳಿನ ಬದಲು ರೀಲ್ ಬಂದಿದೆ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಪ್ರಶ್ನೆ. ದೋಣಿ ಒಂದೇ ಆಗಬಹುದು, ಸಜ್ಜಿನಲ್ಲಿಯೂ ಅರ್ಧಪಾಲು ಒಂದೇ ಆಗಬಹುದು, ಆದರೆ ಎರಡೂ ಮೀನುಗಳ ಸ್ವಭಾವ ಒಂದಲ್ಲ. ಮೊದಲ ವರ್ಷ ವಾಲೈಯನ್ನು ಮಾತ್ರ ನಂಬಿರಿ. ಸ್ಯಾಗಿನಾ ಕೊಲ್ಲಿಯ ಒಳಭಾಗವೂ ನಾನು ಮೀನು ಹಿಡಿಯುವ ಈರಿ ಸರೋವರದ ಪಶ್ಚಿಮ ಭಾಗವೂ ಆಳವಿಲ್ಲದ ನೀರು. ನಮ್ಮ ಕಡೆಯ ಸರಾಸರಿ ಆಳ ಸುಮಾರು 24 ಅಡಿ ಮಾತ್ರ. ಅಷ್ಟು ನೀರಿಗೆ, ಗಾಳವನ್ನು ಆಳಕ್ಕೆ ಇಳಿಸುವ ಡೌನ್‌ರಿಗ್ಗರ್ ಬೇಕಾಗಿಲ್ಲ, ಸಾಲ್ಮನ್ನಿಗೆ ಬೇಕಾದ ಭಾರವಾದ ಕೋಲುಗಳೂ ಬೇಕಾಗಿಲ್ಲ.

ನಾನು ಮಾಡುವುದು ಇಷ್ಟು. ಎರೆಹುಳು ಪೋಣಿಸಿದ ಎರಡು ಮುಳ್ಳಿನ ಗಾಳ, ಅದರ ಮುಂದೆ ಸುತ್ತುವ ಒಂದು ಹೊಳೆಯುವ ತಗಡು, ಅದರ ಮುಂದೆ ನಾಲ್ಕೈದು ಮಣಿಗಳು. ಇದನ್ನು ನೀರಿಗೆ ಬಿಟ್ಟು 50 ಅಡಿ ದಾರ ಹೋದ ಮೇಲೆ ಕ್ಲಿಪ್ಪಿನಿಂದ ಒಂದು ಸೀಸದ ತೂಕವನ್ನು ದಾರಕ್ಕೆ ಕಚ್ಚಿಸಿ, ಮತ್ತೆ 50 ಅಡಿ ಬಿಡುತ್ತೇನೆ. ಕೊನೆಗೆ ಪ್ಲೇನರ್ ಬೋರ್ಡ್ ಎನ್ನುವ ಅಂಗೈಯಗಲದ ಹಲಗೆಯನ್ನು ಸಿಕ್ಕಿಸಿದರೆ ಅದು ದಾರವನ್ನು ದೋಣಿಯಿಂದ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಆಳವಿಲ್ಲದ ನೀರಿನಲ್ಲಿ ದೋಣಿಯ ನೆರಳಿಗೂ ಸದ್ದಿಗೂ ಮೀನು ಪಕ್ಕಕ್ಕೆ ಸರಿಯುತ್ತದೆ, ಆದ್ದರಿಂದ ಹಲಗೆ ಬೇಕು. ಬಿಸಿನೀರಿನ ತಿಂಗಳುಗಳಲ್ಲಿ ಎರೆಹುಳುವಿನ ಗಾಳಕ್ಕೆ ವೇಗ ಗಂಟೆಗೆ 1ರಿಂದ 1.5 ಮೈಲಿ ಇರಲಿ. ಅದಕ್ಕಿಂತ ಹೆಚ್ಚಾದರೆ ಹುಳು ಗಿರಗಿರನೆ ತಿರುಗಿ ದಾರವೆಲ್ಲ ಹುರಿಗೊಳ್ಳುತ್ತದೆ.

ಕೋಲುಗಳ ಬಗ್ಗೆ ಒಂದು ಮಾತು. ಮಿಶಿಗನ್ನಿನಲ್ಲಿ ಒಬ್ಬರಿಗೆ ಮೂರು ಗಾಳಗಳಿಗೆ ಅವಕಾಶವಿದೆ. ಅವಕಾಶವಿದೆಯೆಂದು ಮೂರನ್ನೂ ಹಾಕಲು ಹೋಗಬೇಡಿ. ಒಬ್ಬರೇ ಇದ್ದಾಗ ಎರಡು ಸಾಕು.

ಈರಿ ದಂಡೆಯವಳು, ಕ್ಲೀವ್‌ಲ್ಯಾಂಡ್ (ಮೇ 10)

ಮಲ್ಪೆಯವರ ಮಾತಿಗೆ ನನ್ನದೂ ಸಹಮತವಿದೆ. ವೇಗದ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ. ನಾನು ಮತ್ತು ನನ್ನ ಮೈದುನ 17 ಅಡಿಯ ದೋಣಿಯಲ್ಲಿ ಆರು ವರ್ಷಗಳಿಂದ ಹೋಗುತ್ತಿದ್ದೇವೆ. ಮೊದಲ ಎರಡು ವರ್ಷ ಪಕ್ಕದ ದೋಣಿಯವರು ಡಬ್ಬಿ ತುಂಬಿಕೊಳ್ಳುವಾಗ ನಾವು ಜಿಪಿಎಸ್ ನೋಡಿಕೊಂಡು ಸರಿಯಾಗಿ 1.3 ಮೈಲಿ ವೇಗ ಕಾಯ್ದುಕೊಂಡು ಖಾಲಿ ಕೈಯಲ್ಲಿ ಬರುತ್ತಿದ್ದೆವು. ಜಿಪಿಎಸ್ ಹೇಳುವುದು ದೋಣಿ ನೆಲದ ಮೇಲೆ ಎಷ್ಟು ಸರಿಯಿತು ಎಂಬುದನ್ನು. ಗಾಳಕ್ಕೆ ಗೊತ್ತಿರುವುದು ತನ್ನ ಸುತ್ತಲಿನ ನೀರು ಮಾತ್ರ. ನೀರೇ ಅರ್ಧ ಮೈಲಿ ವೇಗದಲ್ಲಿ ನಮ್ಮ ಎದುರಿಗೆ ಬರುತ್ತಿದ್ದರೆ ಗಾಳ 1.8ರಲ್ಲಿ ಓಡುತ್ತಿರುತ್ತದೆ, ನಮ್ಮ ಜೊತೆಗೇ ಹೋಗುತ್ತಿದ್ದರೆ 0.8ರಲ್ಲಿ ತೆವಳುತ್ತಿರುತ್ತದೆ. ಪಶ್ಚಿಮಕ್ಕೆ ಹೋಗುವಾಗ ಕಚ್ಚಿದ ಮೀನು ಪೂರ್ವಕ್ಕೆ ತಿರುಗಿದೊಡನೆ ಏಕೆ ನಿಲ್ಲಿಸಿತು ಎಂಬುದಕ್ಕೆ ಬಹಳ ಸಲ ಉತ್ತರ ಇದೇ.

ಇದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ. ಗಾಳವನ್ನು ದೂರಕ್ಕೆ ಬಿಡುವ ಮೊದಲು ದೋಣಿಯ ಪಕ್ಕದಲ್ಲೇ ನೀರಿನಲ್ಲಿ ಹಿಡಿದು ನೋಡಿ. ತಗಡು ಹೇಗೆ ತಿರುಗುತ್ತದೆ, ಕೋಲಿನ ತುದಿ ಯಾವ ಲಯದಲ್ಲಿ ಮಿಡಿಯುತ್ತದೆ ಎಂಬುದನ್ನು ಕಣ್ಣಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಸಂಖ್ಯೆಯನ್ನು ಬಿಟ್ಟು ಆ ಮಿಡಿತವನ್ನು ಕಾಯ್ದುಕೊಳ್ಳಿ.

ನಿಮ್ಮ 25 ಅಶ್ವಶಕ್ತಿಯ ಎಂಜಿನ್ ಗಾಳಿ ಹಿಂದಿನಿಂದ ಬೀಸಿದಾಗ ಅಷ್ಟು ನಿಧಾನವಾಗಿ ಹೋಗಲಾರದು. ಅದಕ್ಕೆ ದೋಣಿಯ ಪಕ್ಕಕ್ಕೆ ಕಟ್ಟಿ ನೀರಿಗೆ ಬಿಡುವ ಬಟ್ಟೆಯ ಚೀಲಗಳು ಸಿಗುತ್ತವೆ, ಅವು ನೀರು ತುಂಬಿಕೊಂಡು ದೋಣಿಯನ್ನು ಹಿಂದಕ್ಕೆ ಜಗ್ಗುತ್ತವೆ. ನಾವು ಮೊದಲ ವರ್ಷ ಎರಡು ಪ್ಲಾಸ್ಟಿಕ್ ಬಕೆಟ್ಟುಗಳನ್ನು ಕಟ್ಟಿ ಎಳೆದಿದ್ದೆವು. ನೋಡಿದವರು ನಕ್ಕರು, ಆದರೆ ಕೆಲಸವಾಯಿತು.

ಗ್ರ್ಯಾಂಡ್ ರ್ಯಾಪಿಡ್ಸ್‌ನ ಹಳಬ (ಮೇ 12)

ಸಾಲ್ಮನ್ ವಿಷಯಕ್ಕೆ ಯಾರೂ ಕೈಹಾಕದ ಕಾರಣ ನಾನು ಬರೆಯುತ್ತೇನೆ. ಸ್ವಲ್ಪ ಉದ್ದವಾದೀತು.

ನೀವು ಹಿಡಿಯಲು ಹೊರಟಿರುವ ಚಿನೂಕ್ ಈ ಸರೋವರಗಳ ಮೀನೇ ಅಲ್ಲ. ಸಮುದ್ರದ ಲ್ಯಾಂಪ್ರೆ ಎಂಬ ರಕ್ತಹೀರುವ ಜೀವಿ ಮತ್ತು ಅತಿಯಾದ ಮೀನುಗಾರಿಕೆ ಸೇರಿ ಇಲ್ಲಿಯ ಲೇಕ್ ಟ್ರೌಟ್ ಮೀನನ್ನು ನಾಶಮಾಡಿದ ಮೇಲೆ, ಹಿಡಿದು ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಚಿಕ್ಕ ಬೆಳ್ಳಿಮೀನು ಮಿತಿಮೀರಿ ಬೆಳೆಯಿತು. ನಮ್ಮ ಬೂತಾಯಿಯ ದೂರದ ನೆಂಟನಂತೆ ಕಾಣುವ ಇದು ಅಟ್ಲಾಂಟಿಕ್ ಕಡೆಯದು. ನಯಾಗರಾ ಜಲಪಾತವನ್ನು ಸುತ್ತುಹಾಕಿ ಹೋಗುವ ವೆಲೆಂಡ್ ಕಾಲುವೆಯ ಮೂಲಕ ಮೇಲಿನ ಸರೋವರಗಳಿಗೆ ನುಗ್ಗಿ, 1949ರಲ್ಲಿ ಮಿಶಿಗನ್ ಸರೋವರದಲ್ಲಿ ಕಂಡುಬಂತು. 1967ರ ಬೇಸಿಗೆಯಲ್ಲಿ ಅದು ಸಾಮೂಹಿಕವಾಗಿ ಸತ್ತು ದಡಗಳ ಮೇಲೆ ರಾಶಿಬಿದ್ದಾಗ ಪಟ್ಟಣಗಳು ಯಂತ್ರ ಹಚ್ಚಿ ಬಾಚಿ ಹಾಕಬೇಕಾಯಿತು. ಅದಕ್ಕೆ ಮೊದಲೇ, ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದ ಹೋವರ್ಡ್ ಟ್ಯಾನರ್ ಅವರು ಶಾಂತಸಾಗರದ ಕಡೆಯಿಂದ ಕೋಹೋ ಸಾಲ್ಮನ್ನಿನ ಮೊಟ್ಟೆ ತರಿಸಿ, ಮರಿ ಬೆಳೆಸಿ, 1966ರಲ್ಲಿ ಪ್ಲಾಟ್ ನದಿಯಲ್ಲಿ ಬಿಡಿಸಿದ್ದರು. ಮರುವರ್ಷ ಚಿನೂಕ್ ಬಂತು. ಏಲ್‌ವೈಫನ್ನು ತಿಂದು ಸಾಲ್ಮನ್ ಕೊಬ್ಬಿತು, ಸಾಲ್ಮನ್ ಹಿಡಿಯಲು ಜನ ಬಂದರು.

ಜನ ಬಂದ ಬಗೆಯನ್ನು ಸಣ್ಣ ದೋಣಿಯ ನೀವು ಗಮನಿಸಬೇಕು. 1967ರ ಸೆಪ್ಟೆಂಬರ್‌ನಲ್ಲಿ ಕೋಹೋ ಮೀನಿನ ಸುದ್ದಿ ಹರಡಿ, ಒಳನಾಡಿನ ಕೆರೆಗಳಿಗೆಂದು ಮಾಡಿದ ದೋಣಿಗಳನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದವರೆಲ್ಲ ಪ್ಲಾಟ್ ಕೊಲ್ಲಿಗೆ ಇಳಿದಿದ್ದರು. ಸೆಪ್ಟೆಂಬರ್ 23ರಂದು ಗಾಳಿ ಹಠಾತ್ತನೆ ಎದ್ದಿತು. ಆ ದಿನ 7 ಮಂದಿ ಸತ್ತರು. ಹವಾಮಾನದ ಎಚ್ಚರಿಕೆ ಇರಲಿಲ್ಲವೆಂದಲ್ಲ. ಮೀನು ಕಚ್ಚುತ್ತಿರುವಾಗ ದಡದ ಕಡೆ ನೋಡುವವರು ಕಡಿಮೆ.

ಆದ್ದರಿಂದ ನಿಮ್ಮ ದೋಣಿಗೆ ನನ್ನ ಅಳತೆಗೋಲು ಹೀಗಿದೆ. ಮುನ್ಸೂಚನೆಯಲ್ಲಿ ಅಲೆ 2 ಅಡಿಗಿಂತ ಕಡಿಮೆ ಇರಬೇಕು, ಅದು ಮಧ್ಯಾಹ್ನದವರೆಗೂ ಹಾಗೆಯೇ ಇರುತ್ತದೆಂದು ಹೇಳಿರಬೇಕು, ಗಾಳಿ ದಡದಿಂದ ಸರೋವರದ ಕಡೆಗೆ ಬೀಸುತ್ತಿರಬಾರದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ದಡದಿಂದ ಬೀಸುವ ಗಾಳಿಯಲ್ಲಿ ದಂಡೆಯ ಹತ್ತಿರ ನೀರು ಕನ್ನಡಿಯಂತೆ ಇರುತ್ತದೆ. ಮೂರು ಮೈಲಿ ಹೋದ ಮೇಲೆ ಅಲೆ ಎದ್ದಿರುತ್ತದೆ, ಎಂಜಿನ್ ಕೈಕೊಟ್ಟರೆ ಗಾಳಿ ನಿಮ್ಮನ್ನು ವಿಸ್ಕಾನ್ಸಿನ್ ಕಡೆಗೆ ಸಾಗಹಾಕುತ್ತದೆ. ಅಂಗಿ ತೊಟ್ಟಂತೆ ಲೈಫ್ ಜಾಕೆಟ್ ತೊಟ್ಟಿರಬೇಕು, ಸೀಟಿನ ಕೆಳಗೆ ಇಟ್ಟರೆ ಅದು ಸಾಮಾನು. ಕೈಯಲ್ಲಿ ಹಿಡಿಯುವ ವಿಎಚ್ಎಫ್ ರೇಡಿಯೊ ಇರಲಿ, ತುರ್ತು ಕರೆಯ 16ನೇ ಚಾನೆಲ್ ತೆರೆದಿರಲಿ. ನಾವು ನೀರಿಗೆ ಬಿದ್ದೊಡನೆ ಎಂಜಿನ್ನನ್ನು ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ ಅಮೆರಿಕದ ನಿಯಮ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ದೋಣಿಗಳಿಗೆ ಜಾರಿಯಲ್ಲಿದೆ. ಅದು ವೇಗವಾಗಿ ಓಡಿಸುವಾಗಿನ ನಿಯಮ, ನಿಧಾನವಾಗಿ ಗಾಳ ಎಳೆಯುವಾಗ ಕಡ್ಡಾಯವಲ್ಲ. ಒಬ್ಬರೇ ಇದ್ದಾಗ ಗಾಳ ಎಳೆಯುವಾಗಲೂ ಸಿಕ್ಕಿಸಿಕೊಳ್ಳಿ. ಗಂಟೆಗೆ 2 ಮೈಲಿ ವೇಗದ ದೋಣಿಯನ್ನು ಜಾಕೆಟ್ ತೊಟ್ಟು ಈಜಿ ಹಿಡಿಯುವುದು ಯಾರಿಂದಲೂ ಆಗದ ಮಾತು.

ಸಜ್ಜಿಗೆ ಬಂದರೆ, ಚಿನೂಕ್ ತಣ್ಣೀರಿನ ಮೀನು. 10ರಿಂದ 12 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆಗಸ್ಟಿನಲ್ಲಿ ಮೇಲಿನ ನೀರು 20 ಡಿಗ್ರಿ ದಾಟಿರುವಾಗ ಆ ತಂಪು 50, 70, ಕೆಲವೊಮ್ಮೆ 100 ಅಡಿಯ ಕೆಳಗೆ ಸಿಗುತ್ತದೆ. ಅಲ್ಲಿಗೆ ಗಾಳವನ್ನು ಇಳಿಸಲು ಒಂದು ಕೈಯಿಂದ ಸುತ್ತುವ ಡೌನ್‌ರಿಗ್ಗರ್ ಕೊಳ್ಳಿ, ಬಳಸಿದ್ದೇ ಆಗಲಿ. ಉಕ್ಕಿನ ತಂತಿಯ ತುದಿಯಲ್ಲಿ 10 ಪೌಂಡಿನ ಗುಂಡು ಇರುತ್ತದೆ, ಗಾಳದ ದಾರವನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸಿದರೆ ಕೋಲು ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಮೀನು ಹೊಡೆದಾಗ ಕ್ಲಿಪ್ ಬಿಟ್ಟು ಕೋಲು ಒಮ್ಮೆ ನೆಟ್ಟಗಾಗುತ್ತದೆ, ಮರುಕ್ಷಣವೇ ನೀರಿನ ಕಡೆಗೆ ಬಗ್ಗುತ್ತದೆ. ಎರಡನೆಯ ಕೋಲಿಗೆ ಡಿಪ್ಸಿ ಡೈವರ್ ಸಾಕು. ಅದು ನೀರಿನ ಒತ್ತಡದಿಂದಲೇ ಗಾಳವನ್ನು ಕೆಳಕ್ಕೂ ಪಕ್ಕಕ್ಕೂ ಒಯ್ಯುವ ತಟ್ಟೆ. ವೇಗ 2ರಿಂದ 2.8 ಮೈಲಿ. ಅಷ್ಟಕ್ಕೆ ನಿಮ್ಮ ಎಂಜಿನ್ ಚೆನ್ನಾಗಿ ಒಗ್ಗುತ್ತದೆ.

ಒಂದು ಅಪಾಯವನ್ನು ಮರೆಯಬೇಡಿ. ಡೌನ್‌ರಿಗ್ಗರಿನ ಗುಂಡು ತಳದಲ್ಲಿ ಸಿಕ್ಕಿಕೊಂಡರೆ ಆ ತಂತಿ ತುಂಡಾಗುವುದಿಲ್ಲ, ಚಿಕ್ಕ ದೋಣಿಯ ಹಿಂಬದಿಯನ್ನೇ ಕೆಳಕ್ಕೆ ಜಗ್ಗುತ್ತದೆ. ತಂತಿ ಕತ್ತರಿಸುವ ಇಕ್ಕಳ ಕೈಗೆಟಕುವಲ್ಲಿ ಕಟ್ಟಿರಲಿ.

ಬೇ ಸಿಟಿಯ ಹೊಸಬ (ಜೂನ್ 16)

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ಸಲ ಹೋಗಿ ಬಂದೆ. ಮೊದಲ ದಿನದ ಕಥೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬೇರೆ ಹೊಸಬರಿಗೆ ಉಪಯೋಗವಾಗಲಿ.

ಮಲ್ಪೆಯವರು ಎರಡು ಕೋಲು ಎಂದಿದ್ದರೂ ನಾನು ಮೂರು ಹಾಕಿದೆ. ಎರಡು ಬದಿಗೂ ಒಂದೊಂದು ಹಲಗೆ, ನಡುವೆ ಹಿಂದಕ್ಕೊಂದು ಗಾಳ. ಒಂದು ಗಂಟೆ ಎಲ್ಲವೂ ಸರಿಯಾಗಿತ್ತು. ಮುಂದೆ ಬಲೆಯ ಗುರುತಿನ ಬಾವುಟ ಕಂಡು, ತಪ್ಪಿಸಲೆಂದು ಎಡಕ್ಕೆ ಜೋರಾಗಿ ತಿರುಗಿಸಿದೆ. ಎಡಗಡೆಯ ಹಲಗೆ ನಿಂತಲ್ಲೇ ನಿಂತು ದಾರ ಸಡಿಲವಾಯಿತು, ಬಲಗಡೆಯದು ಅಷ್ಟಗಲ ಸುತ್ತು ಹೊಡೆದು ಬಂದು ನಡುವಿನ ದಾರದ ಮೇಲೆ ಹತ್ತಿತು. ಅದನ್ನು ಬಿಡಿಸಲು ಎಂಜಿನ್ನನ್ನು ನಿಲ್ಲಿಸದೆ ಎದ್ದೆ. ಅಷ್ಟರಲ್ಲಿ ಸಡಿಲವಾದ ದಾರ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ಗೊರಗುಟ್ಟಿ ನಿಂತಿತು. ಅಲೆ ಅಡ್ಡಬದಿಯಿಂದ ಬಡಿಯುತ್ತಿತ್ತು. ಎಂಜಿನ್ನನ್ನು ಮೇಲಕ್ಕೆತ್ತಿ, ಹೊಟ್ಟೆಯ ಮೇಲೆ ಮಲಗಿ, ಅಡುಗೆಮನೆಯಿಂದ ತಂದಿದ್ದ ಚಾಕುವಿನಿಂದ ನೈಲಾನ್ ದಾರವನ್ನು ಸುತ್ತು ಸುತ್ತಾಗಿ ಕೊಯ್ಯಲು ನಲವತ್ತು ನಿಮಿಷ ಹಿಡಿಯಿತು. ಆ ಚಾಕು ಈಗ ಸ್ಯಾಗಿನಾ ಕೊಲ್ಲಿಯ ತಳದಲ್ಲಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಮುಂದಿನ ಮೂರು ಸಲ ಎರಡೇ ಕೋಲು ಹಾಕಿದೆ. ಒಟ್ಟು ಹನ್ನೊಂದು ವಾಲೈ ಸಿಕ್ಕವು. ಮೊದಲನೆಯದು ಕಚ್ಚಿದ್ದು ಗೊತ್ತೇ ಆಗಲಿಲ್ಲ. ಕೋಲು ಅಲುಗಲಿಲ್ಲ, ಹಲಗೆ ಮಾತ್ರ, ಜಾತ್ರೆಯಲ್ಲಿ ಅಮ್ಮನ ಕೈ ಬಿಟ್ಟ ಮಗುವಿನಂತೆ, ಮೆಲ್ಲಗೆ ಹಿಂದೆ ಬೀಳತೊಡಗಿತು. ಕಸ ಸಿಕ್ಕಿರಬೇಕೆಂದು ಎಳೆದರೆ ಎರಡು ಅಡಿಯ ಮೀನು. ಮುಂಜಾವಿನ ಮಬ್ಬಿನಲ್ಲಿ ತಲೆಗೆ ಕಟ್ಟಿದ್ದ ದೀಪದ ಬೆಳಕು ಬಿದ್ದೊಡನೆ ಅದರ ಕಣ್ಣು ಹಾಲುಬಣ್ಣದ ಗಾಜಿನ ಹಾಗೆ ಹೊಳೆಯಿತು. ಅಂಥ ಕಣ್ಣನ್ನು ನಾನು ಹಿಂದೆ ನೋಡಿದ್ದು ರಾತ್ರಿ ಬಸ್ಸಿನ ಬೆಳಕಿಗೆ ಸಿಕ್ಕ ಕಾಡುಬೆಕ್ಕಿನದು ಮಾತ್ರ.

ಮಲ್ಪೆ ಮೂಲದವನು, ಟೊಲೆಡೊ (ಜೂನ್ 16)

ಫ್ಯಾನಿಗೆ ದಾರ ಸುತ್ತಿಕೊಳ್ಳದ ತಾಂಡೇಲ, ಅಂದರೆ ದೋಣಿ ನಡೆಸುವವನು, ಯಾವ ಬಂದರಿನಲ್ಲಿಯೂ ಇಲ್ಲ, ಚಿಂತಿಸಬೇಡಿ. ಮುಂದೆ ದಾರ ತೊಡಕಿದರೆ ಎಂಜಿನ್ನನ್ನು ನ್ಯೂಟ್ರಲ್ಲಿಗೆ ಹಾಕುವುದೋ ಬೇಡವೋ ಎಂದು ಯೋಚಿಸುತ್ತ ಕೂರಬೇಡಿ. ಅಲೆ ಇಲ್ಲದಿದ್ದರೆ ಹಾಕಿ. ಅಲೆ ಇದ್ದರೆ ಮೂತಿಯನ್ನು ಅಲೆಗೆ ಕೊಟ್ಟು ನಿಧಾನವಾಗಿ ನೇರ ಹೋಗುತ್ತಲೇ ದಾರಗಳನ್ನು ಒಂದೊಂದಾಗಿ ಸುತ್ತಿಕೊಳ್ಳಿ.

ತಿರುವಿನ ವಿಷಯದಲ್ಲಿ ನೀವು ಕಂಡಿದ್ದು ತೊಂದರೆ ಮಾತ್ರವಲ್ಲ, ಉಪಯೋಗವೂ ಹೌದು. ದೋಣಿ ತಿರುಗಿದಾಗ ಒಳಬದಿಯ ಗಾಳ ನಿಧಾನವಾಗುತ್ತದೆ, ಹೊರಬದಿಯದು ವೇಗ ಪಡೆಯುತ್ತದೆ. ಸೀಸ ಕಟ್ಟಿದ ಗಾಳವಾದರೆ ನಿಧಾನವಾದೊಡನೆ ಕೆಳಕ್ಕಿಳಿಯುತ್ತದೆ. ಮರದ ಅಥವಾ ಪ್ಲಾಸ್ಟಿಕ್ಕಿನ ತೇಲುವ ಹುಸಿಮೀನಾದರೆ ಮೇಲಕ್ಕೇಳುತ್ತದೆ. ಅಗಲವಾಗಿ ಹಾವು ಹರಿದಂತೆ ದೋಣಿಯನ್ನು ನಡೆಸಿ, ಕಚ್ಚಿದ್ದು ಯಾವ ಬದಿಯಲ್ಲಿ ಎಂಬುದನ್ನು ನೋಡಿ. ಎರಡು ಸಲ ಹೊರಬದಿಯಲ್ಲೇ ಕಚ್ಚಿದರೆ ವೇಗವನ್ನು ಒಂದು ಕೂದಲೆಳೆ ಹೆಚ್ಚಿಸಿ. ಒಳಬದಿಯಲ್ಲಿ ಕಚ್ಚಿದರೆ ಇಳಿಸಿ. ಎರಡೇ ಕೋಲು ಸಾಕೆಂದು ನಾನು ಹೇಳಿದ್ದು ಇದಕ್ಕೇ. ಎಂಟು ಕೋಲು ಹಾಕಿದವನಿಗೆ ಇದನ್ನೆಲ್ಲ ಗಮನಿಸಲು ಪುರುಸೊತ್ತು ಎಲ್ಲಿ?

ಮಿಸಿಸಾಗದಿಂದ (ಜೂನ್ 20)

ಒಂಟಾರಿಯೊ ಸರೋವರದ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಆಗಸ್ಟ್ ಕೊನೆಗೂ ಸೆಪ್ಟೆಂಬರ್ ಮೊದಲಿಗೂ ಚಿನೂಕ್ ಮೊಟ್ಟೆಯಿಡಲು ಕ್ರೆಡಿಟ್ ನದಿಗೆ ಹತ್ತುವ ಮೊದಲು ಪೋರ್ಟ್ ಕ್ರೆಡಿಟ್ಟಿನಲ್ಲಿ ಆ ನದಿಯ ಬಾಯಿಯಲ್ಲಿ ಗುಂಪುಗೂಡುತ್ತದೆ. ಚಿಕ್ಕ ದೋಣಿಯವರು ಕಾಯಬೇಕಾದ ಕಾಲ ಅದೇ. ಮೀನೇ ದಡಕ್ಕೆ ಬರುವಾಗ ನಾವೇಕೆ ಹತ್ತು ಮೈಲಿ ಒಳಕ್ಕೆ ಹೋಗಬೇಕು? ಆ ಹೊತ್ತಿಗೆ ಮೀನು ತಿನ್ನುವುದನ್ನು ಬಹುಮಟ್ಟಿಗೆ ಬಿಟ್ಟಿರುತ್ತದೆ, ಹಸಿವಿಗಿಂತ ಸಿಟ್ಟಿನಿಂದ ಕಚ್ಚುತ್ತದೆ ಎಂದು ಇಲ್ಲಿಯವರ ನಂಬಿಕೆ. ಅದಕ್ಕೆ ದೊಡ್ಡದಾಗಿ ಅಲುಗಾಡುವ ಹುಸಿಮೀನುಗಳನ್ನು ಬಿಡುತ್ತಾರೆ. ಆದರೆ ಆಗ ಸಿಕ್ಕುವ ಮೀನಿನ ಮೈ ಕಪ್ಪಾಗಿ ಮಾಂಸ ಬಿಳಿಚಿಕೊಂಡಿರುತ್ತದೆ. ತಿನ್ನಲು ಬೇಕಿದ್ದರೆ ಜುಲೈಯ ಬೆಳ್ಳಿಮೈಯ ಮೀನೇ ಆಗಬೇಕು.

ಶಿರಸಿ ಕಡೆಯವನು, ಆನ್ ಆರ್ಬರ್ (ಜೂನ್ 22)

ಗ್ರ್ಯಾಂಡ್ ರ್ಯಾಪಿಡ್ಸ್‌ನವರ ಚರಿತ್ರೆ ಓದಿ ಒಂದು ಸಂದೇಹ ಬಂತು. ಹೊರಗಿನಿಂದ ಬಂದ ಒಂದು ಮೀನನ್ನು ಅಡಗಿಸಲು ಹೊರಗಿನ ಇನ್ನೊಂದನ್ನು ತಂದು ಬಿಟ್ಟು, ಅದನ್ನು ವರ್ಷವರ್ಷ ಸರಕಾರದ ಹಣದಲ್ಲಿ ಸಾಕುವುದು ಯಾವ ನ್ಯಾಯ? ವಾಲೈ ಇಲ್ಲಿಯದೇ ಮೀನು. ಅದಿರುವಾಗ ಸಾಲ್ಮನ್ ಏಕೆ ಬೇಕು?

ಗ್ರ್ಯಾಂಡ್ ರ್ಯಾಪಿಡ್ಸ್‌ನ ಹಳಬ (ಜೂನ್ 23)

ಶಿರಸಿಯವರ ಪ್ರಶ್ನೆ ವಿಷಯಾಂತರವಲ್ಲ. ಬೇ ಸಿಟಿಯವರಿಗೆ ಸಿಕ್ಕ ಹನ್ನೊಂದು ವಾಲೈಗಳ ಕಥೆ ಅದರಲ್ಲೇ ಇದೆ.

ಸ್ಯಾಗಿನಾ ಕೊಲ್ಲಿಯ ವಾಲೈ ಮೀನುಗಾರಿಕೆ 1940ರ ದಶಕದಲ್ಲಿ ಕುಸಿದುಬಿದ್ದಿತ್ತು. ಮುಂದೆ ದಶಕಗಳ ಕಾಲ ಮರಿಗಳನ್ನು ಬಿಟ್ಟು ಬಿಟ್ಟು ಮೀನನ್ನು ಉಳಿಸಿಕೊಂಡರೇ ಹೊರತು, ಅದು ತಾನಾಗಿ ಹೆಚ್ಚಲಿಲ್ಲ. ಮುಖ್ಯ ಕಾರಣಗಳಲ್ಲಿ ಒಂದು ಏಲ್‌ವೈಫ್. ಅದು ಈಗಷ್ಟೇ ಮೊಟ್ಟೆಯೊಡೆದ ವಾಲೈ ಮರಿಗಳನ್ನು ತಿಂದುಹಾಕುತ್ತಿತ್ತು. 2003–04ರ ಹೊತ್ತಿಗೆ ಹ್ಯೂರಾನ್ ಸರೋವರದಲ್ಲಿ ಏಲ್‌ವೈಫ್ ಸಂತತಿ ಕುಸಿಯಿತು. ಸಾಲ್ಮನ್ ಅತಿಯಾಗಿ ತಿಂದದ್ದು ಒಂದು ಕಡೆ. ಹೊರಗಿನಿಂದ ಬಂದ ಕ್ವಾಗ್ಗ ಚಿಪ್ಪುಮೀನುಗಳು ನೀರಿನಲ್ಲಿದ್ದ ಸೂಕ್ಷ್ಮ ಆಹಾರವನ್ನೆಲ್ಲ ಸೋಸಿ ಹೀರಿದ್ದು ಇನ್ನೊಂದು ಕಡೆ. ಏಲ್‌ವೈಫ್ ಹೋದೊಡನೆ ಅದನ್ನೇ ನಂಬಿದ್ದ ಚಿನೂಕ್ ಹ್ಯೂರಾನಿನಲ್ಲಿ ಬಡಕಲಾಗಿ ಇಲ್ಲವಾಗತೊಡಗಿತು. ಸಾಲ್ಮನ್ ನಂಬಿಕೊಂಡಿದ್ದ ಬಂದರುಗಳ ವಸತಿಗೃಹಗಳೂ ಗಾಳದ ಅಂಗಡಿಗಳೂ ಮುಚ್ಚಿದವು. ಅದೇ ಸಮಯಕ್ಕೆ ವಾಲೈ ಮರಿಗಳು ಬದುಕಿ ಉಳಿಯತೊಡಗಿದವು. 2006ರಿಂದ ಕೊಲ್ಲಿಗೆ ಮರಿ ಬಿಡುವುದನ್ನೇ ನಿಲ್ಲಿಸಿದರು. 2015ರಲ್ಲಿ ದಿನಕ್ಕೆ ಹಿಡಿಯಬಹುದಾದ ಸಂಖ್ಯೆಯನ್ನು 5ರಿಂದ 8ಕ್ಕೆ ಏರಿಸಿದರು.

ಅಂದರೆ ಒಂದೇ ಸರೋವರದಲ್ಲಿ ಒಂದರ ಕೇಡು ಇನ್ನೊಂದರ ಸುಗ್ಗಿಯಾಯಿತು. ಮಿಶಿಗನ್ ಸರೋವರದಲ್ಲಿ ಏಲ್‌ವೈಫ್ ಇನ್ನೂ ಇದೆ, ಆದ್ದರಿಂದ ಚಿನೂಕ್ ಇದೆ. ಅಲ್ಲಿಯೂ ಹ್ಯೂರಾನಿನ ಗತಿಯೇ ಬಂದೀತೆಂದು 2013ರಲ್ಲಿ ಬಿಡುವ ಮರಿಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಅಲ್ಲಿಯ ಚಿನೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ನದಿಗಳಲ್ಲೇ ಹುಟ್ಟಿದವು. ಹೊರಗಿನದು ಎಂದು ನಾವು ಕರೆದರೂ ಅದು ಇಲ್ಲಿ ಸಂಸಾರ ಹೂಡಿ ಐವತ್ತು ವರ್ಷ ದಾಟಿದೆ. ನಮ್ಮನ್ನೂ ಒಮ್ಮೊಮ್ಮೆ ಯಾರಾದರೂ ಹಾಗೆ ಕೇಳುತ್ತಾರೆ, ನೋಡಿ.

ಶಿರಸಿ ಕಡೆಯವನು, ಆನ್ ಆರ್ಬರ್ (ಜೂನ್ 23)

ಕೊನೆಯ ಸಾಲಿಗೆ ನನ್ನಲ್ಲಿ ಉತ್ತರವಿಲ್ಲ. ಮರಿ ಬಿಡುವ ಖರ್ಚಿನ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ.

ಬೇ ಸಿಟಿಯ ಹೊಸಬ (ಆಗಸ್ಟ್ 18)

ಲಡಿಂಗ್ಟನ್ನಿಗೆ ಹೋಗಿದ್ದೆವು. ಮೂರು ದಿನದಲ್ಲಿ ನೀರಿಗಿಳಿದದ್ದು ಒಂದೇ ದಿನ.

ಮೊದಲ ದಿನ ಬೆಳಗ್ಗೆ ಐದಕ್ಕೆ ದೋಣಿ ಇಳಿಸುವ ಇಳಿಜಾರಿನಲ್ಲಿ ನಿಂತು ನೋಡಿದರೆ ಬಂದರಿನ ಒಳಗೆ ನೀರು ಸ್ತಬ್ಧವಾಗಿತ್ತು. ಜೊತೆಗೆ ಬಂದಿದ್ದ ಗೆಳೆಯರು ಹೊರಡೋಣ ಎಂದರು. ಕಲ್ಲುಗೋಡೆಯ ಮೇಲೆ ದೀಪಸ್ತಂಭದವರೆಗೂ ನಡೆದು ಹೋಗಿ ಹೊರಗೆ ನೋಡಿದಾಗ, ಒಳಬರುವ ಅಲೆಯೂ ಗೋಡೆಗೆ ಬಡಿದು ಹಿಂದಿರುಗುವ ಅಲೆಯೂ ಒಂದರ ಮೇಲೊಂದು ಬಿದ್ದು ನೀರು ಕುದಿಯುತ್ತಿತ್ತು. ವಾಪಸು ಬಂದು ಕಾಫಿ ಕುಡಿದೆವು. ಎರಡನೆಯ ದಿನವೂ ಅದೇ.

ಮೂರನೆಯ ದಿನ ಅಲೆ ಒಂದು ಅಡಿಯೂ ಇರಲಿಲ್ಲ. 25 ಅಶ್ವಶಕ್ತಿಯ ನಮ್ಮ ದೋಣಿ 30 ಅಡಿಯ ದೊಡ್ಡ ದೋಣಿಗಳ ನಡುವೆ ಮದುವೆಮನೆಗೆ ಸೈಕಲ್ಲಿನಲ್ಲಿ ಬಂದವನಂತೆ ಕಾಣುತ್ತಿತ್ತು. ದಡದಿಂದ ಎರಡು ಮೈಲಿ ದಾಟಲಿಲ್ಲ. ಡೌನ್‌ರಿಗ್ಗರನ್ನು 55 ಅಡಿಗೆ ಇಳಿಸಿದೆವು. ಈರಿ ದಂಡೆಯವರು ಹೇಳಿದ್ದ ಮಾತು ಇಲ್ಲಿ ಕಣ್ಣಿಗೇ ಕಂಡಿತು: ಉತ್ತರಕ್ಕೆ ಹೋಗುವಾಗ ಜಿಪಿಎಸ್ 2.3 ತೋರಿಸುತ್ತಿದ್ದರೂ ಡೌನ್‌ರಿಗ್ಗರಿನ ತಂತಿ ತೀರಾ ಹಿಂದಕ್ಕೆ ಓರೆಯಾಗಿತ್ತು, ದಕ್ಷಿಣಕ್ಕೆ ತಿರುಗಿದಾಗ ಅದೇ 2.3ರಲ್ಲಿ ಬಹುತೇಕ ನೆಟ್ಟಗೆ ನಿಂತಿತ್ತು. ಕೆಳಗಿನ ನೀರು ಬೇರೆಯೇ ದಾರಿ ಹಿಡಿದಿತ್ತು. ತಂತಿಯ ಓರೆಯನ್ನೇ ಅಳತೆಯಾಗಿಟ್ಟುಕೊಂಡು, ದಕ್ಷಿಣಕ್ಕೆ ಹೋಗುವಾಗ 2.8ಕ್ಕೆ ಏರಿಸಿದ ಮೇಲೆ ಕೋಲು ನೆಟ್ಟಗಾಯಿತು. ರೀಲು ಕಿರುಚಿದ ಸದ್ದಿಗೆ ನನ್ನ ಗೆಳೆಯರು ಕೈಯಲ್ಲಿದ್ದ ಚಿತ್ರಾನ್ನದ ಡಬ್ಬಿಯನ್ನು ಬಿಟ್ಟರು. ದಾರ ಇನ್ನೂರು ಅಡಿ ಹೋಯಿತು. ಇಪ್ಪತ್ತೈದು ನಿಮಿಷದ ಮೇಲೆ ಬಲೆಯೊಳಗೆ ಬಂದ ಚಿನೂಕ್ 17 ಪೌಂಡ್ ತೂಗಿತು. ಅದೊಂದೇ. ಹತ್ತೂವರೆಗೆ ಗಾಳಿ ಪಶ್ಚಿಮಕ್ಕೆ ತಿರುಗಿ ಅಲ್ಲಲ್ಲಿ ಬಿಳಿನೊರೆ ಕಂಡೊಡನೆ ಎರಡೂ ಕೋಲು ಎತ್ತಿಕೊಂಡು ಬಂದೆವು. ಗೆಳೆಯರಿಗೆ ಬೇಸರವಾಯಿತು. ನಾವು ದೋಣಿಯನ್ನು ಟ್ರೈಲರಿಗೆ ಕಟ್ಟುವ ಹೊತ್ತಿಗೆ ದೀಪಸ್ತಂಭದ ಬುಡದಲ್ಲಿ ಅಲೆ ಒಡೆಯುತ್ತಿತ್ತು.

ಮಲ್ಪೆ ಮೂಲದವನು, ಟೊಲೆಡೊ (ಆಗಸ್ಟ್ 18)

ಊರಿನಲ್ಲಿ ಅಳಿವೆ ಬಾಗಿಲು ದಾಟುವಾಗ ಹೀಗೆಯೇ. ಹೊರಗಿನ ಕಡಲಿಗಿಂತ ಆ ಬಾಯಿಯಲ್ಲೇ ದೋಣಿಗಳು ಮಗುಚುವುದು ಹೆಚ್ಚು. ನಡೆದು ಹೋಗಿ ನೋಡಿ ಬಂದಿರಿ, ಒಳ್ಳೆಯದಾಯಿತು.

ಈರಿ ದಂಡೆಯವಳು, ಕ್ಲೀವ್‌ಲ್ಯಾಂಡ್ (ಆಗಸ್ಟ್ 19)

ಅಡುಗೆಗೆ ಒಂದು ಸೂಚನೆ. ವಾಲೈಯ ಮಾಂಸ ಬಿಳಿ, ವಾಸನೆಯಿಲ್ಲ, ರವೆ ಹಚ್ಚಿ ಹುರಿದರೆ ಕಾಣೆ ಮೀನಿನ ಹತ್ತಿರಕ್ಕೆ ಬರುತ್ತದೆ. ಸಾಲ್ಮನ್ನನ್ನು ಹಾಗೆ ಮಾಡಬೇಡಿ, ಅದರ ಕೊಬ್ಬಿಗೆ ಹುಳಿ ಮತ್ತು ಖಾರ ಮುಂದಾಗಿರಬೇಕು. ಚರ್ಮವನ್ನೂ ಹೊಟ್ಟೆಯ ಮತ್ತು ಬೆನ್ನಿನ ಕೊಬ್ಬಿನ ಪಟ್ಟಿಯನ್ನೂ ಕೊಯ್ದು ತೆಗೆಯಿರಿ. ಈ ಸರೋವರಗಳ ಪಿಸಿಬಿ ಎಂಬ ಹಳೆಯ ಕೈಗಾರಿಕಾ ವಿಷ ಕೊಬ್ಬಿನಲ್ಲೇ ಸೇರಿಕೊಂಡಿರುತ್ತದೆ. ಯಾವ ಸರೋವರದ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಹೊರಡಿಸುತ್ತದೆ. ಮಕ್ಕಳಿಗೂ ಬಸುರಿಯರಿಗೂ ಬಡಿಸುವ ಮೊದಲು ಅದನ್ನು ನೋಡಲೇಬೇಕು.

ಗ್ರ್ಯಾಂಡ್ ರ್ಯಾಪಿಡ್ಸ್‌ನ ಹಳಬ (ಆಗಸ್ಟ್ 19)

ಬೇ ಸಿಟಿಯವರೇ, ನಿಮ್ಮ ಚಿನೂಕಿನ ಬೆನ್ನಿನ ಮೇಲೆ, ಬಾಲಕ್ಕೆ ಸ್ವಲ್ಪ ಮುಂದೆ ಇರಬೇಕಾದ ಚಿಕ್ಕ ಮೆತ್ತನೆಯ ಈಜುರೆಕ್ಕೆ ಇತ್ತೇ? ಅದನ್ನು ಕತ್ತರಿಸಿದ್ದರೆ ಅದು ಮರಿಕೇಂದ್ರದಲ್ಲಿ ಬೆಳೆದ ಮೀನು. ಮೂಗಿನೊಳಗೆ ಒಂದು ಮಿಲಿಮೀಟರಿನಷ್ಟು ಉದ್ದದ ಸಂಕೇತವಿರುವ ತಂತಿಯ ಚೂರು ಇರಬಹುದು. ರಾಜ್ಯದ ಮೀನುಗಾರಿಕೆ ವಿಭಾಗದವರು ಆ ಸಂಕೇತವನ್ನು ಓದಲು ತಲೆ ಬೇಕು, ಎಸೆಯಬೇಡಿ.

ಬೇ ಸಿಟಿಯ ಹೊಸಬ (ಆಗಸ್ಟ್ 19)

ಈಗಷ್ಟೇ ಚಿತ್ರ ನೋಡಿದೆ, ರೆಕ್ಕೆ ಇಲ್ಲ. ಮೀನು ತುಂಡಾಗಿದ್ದರೂ ತಲೆಯನ್ನು ಸಾರಿಗೆಂದು ಎತ್ತಿಟ್ಟಿದ್ದೆವು. ಅದೀಗ ಫ್ರೀಜರಿನಲ್ಲಿ ತೆಂಗಿನತುರಿಯ ಪೊಟ್ಟಣಗಳ ಪಕ್ಕದಲ್ಲಿ, ಹಿಡಿದ ದಿನಾಂಕ ಮತ್ತು ಜಾಗ ಬರೆದ ಚೀಟಿಯೊಂದಿಗೆ, ಎರಡು ಚೀಲಗಳೊಳಗೆ ಕುಳಿತಿದೆ. ಸಾರಿಗೆ ಬೇರೆ ತಲೆ ಎಲ್ಲಿಂದ ತರಲಿ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಶನಿವಾರ ಕೊಲ್ಲಿಯಲ್ಲಿ ಗಾಳಿ ಕಡಿಮೆಯಿದ್ದರೆ ವಾಲೈ ತಲೆಯಾದರೂ ಸಿಗುತ್ತದೆಯೇ ನೋಡುತ್ತೇನೆ.